ಮಾರಿದ್ದಕ್ಕೊಂದು ಮೌನ

ನಮ್ಮ ಊರಿನಲ್ಲಿ ಮಾರಿದವರ ಮಾತು ಸಾಯುವುದಿಲ್ಲ. ಜಗಳ, ಜೋಗುಳ, ಬೈಗುಳ, ಸರಸ ಎಲ್ಲವೂ ಬೇರೆ ಊರುಗಳಲ್ಲಿ ಹೇಗೋ ಹಾಗೆಯೇ ಗಾಳಿಯಲ್ಲಿ ಕರಗಿ ಹೋಗುತ್ತವೆ. ಆದರೆ ಸಾಮಾನು ಕೈ ಬದಲಾಯಿಸುವ ಹೊತ್ತಿಗೆ ಮಾರುವವರು ಹೇಳುವ ‘ಕೊಟ್ಟೆ’ ಎಂಬ ಮಾತು ಮಾತ್ರ ಹೇಳಿದ ಜಾಗದಲ್ಲೇ ಉಳಿದುಬಿಡುತ್ತದೆ. ಅದನ್ನು ಹೇಳದೆ ಮಾರುವಂತಿಲ್ಲ. ಹೇಳದೆ ಒಯ್ದ ಉಪ್ಪು ಸಾರಿಗೆ ಹತ್ತುವುದಿಲ್ಲ, ಹೇಳದೆ ಕೊಂಡ ಚಾಪೆಯ ಮೇಲೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ನಾನು ಪರೀಕ್ಷಿಸಿ ನೋಡಿಲ್ಲ. ಹೀಗೆ ಉಳಿದ ಮಾತುಗಳು ಅಂಗಡಿಯ ಸೂರಿನ ಕೆಳಗೆ, ಗಟಾರದ ಕಲ್ಲುಗಳ ಸಂದಿಯಲ್ಲಿ, ಕಿಟಕಿಯ ಸರಳುಗಳ ನಡುವೆ ಒಂದರ ಮೇಲೊಂದು ಕೂತು ಹಗಲೂ ರಾತ್ರಿ ಗುಂಯ್‌ಗುಡುತ್ತಿರುತ್ತವೆ. ವ್ಯಾಪಾರ ಜೋರಾದ ಓಣಿಯಲ್ಲಿ ಇಬ್ಬರು ಮಾತಾಡಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು.

ಅವನ್ನು ಕರಗಿಸುವುದು ಮೌನ ಒಂದೇ. ಅದಕ್ಕೇ ಊರಿನ ನಡುವೆ ಸುಂಕದ ಕಟ್ಟೆ ಇದೆ. ಬೆಳಕು ಹರಿದ ಮೇಲೆ, ಅಂಗಡಿ ತೆಗೆಯುವ ಮೊದಲು, ಹಿಂದಿನ ದಿನದ ಸುಂಕವನ್ನು ಕಟ್ಟೆಯ ಮೇಲೆ ಸುಮ್ಮನೆ ಕೂತು ಸಲ್ಲಿಸಬೇಕು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಿಬಿಡುತ್ತಾರೆ. ಬಟ್ಟಲು ತುಂಬಿ ಮುಳುಗುವ ತನಕ ಕೂತರೆ ಒಂದು ಬಟ್ಟಲು ಮೌನ. ನಡುವೆ ಕೂತವರ ಬಾಯಿಂದ ಒಂದು ಮಾತು ಬಿದ್ದರೂ ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಮೊದಲಿನಿಂದ ಬಿಡಬೇಕು.

ಬಟ್ಟಲು ಬಿಡುವವನು ನಾನು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಆ ಓದಿಗೆ ಎಲ್ಲೂ ಕೆಲಸ ಸಿಗದೆ ಈ ಊರಿಗೆ ಬಂದೆ. ಸಂದರ್ಶನದಲ್ಲಿ ಪಂಚರು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಗೋಡೆಯ ಮೇಲಿನ ಹಲ್ಲಿ ಮಾತ್ರ ಒಂದೆರಡು ಸಲ ಲೊಚಗುಟ್ಟಿತು. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಟ್ಟಲುಗಳ ಗೂಡಿನ ಬೀಗದ ಕೈಯನ್ನು ನನ್ನ ಮುಂದಿಟ್ಟರು. ನನಗೆ ಇದಕ್ಕಿಂತ ಒಪ್ಪುವ ಕೆಲಸ ಇರಲಿಲ್ಲ. ಜನ ಮಾತಾಡುವಾಗ ನನಗೆ ಅವರ ಬಗ್ಗೆ ಏನೂ ತಿಳಿಯುವುದಿಲ್ಲ. ಸುಮ್ಮನಾದಾಗ ತುಸು ತಿಳಿಯುತ್ತದೆ. ಅಕ್ಕಸಾಲಿಗನ ಮೌನ ಉಸಿರು ಬಿಗಿಹಿಡಿದಂಥದ್ದು. ಎಣ್ಣೆ ವ್ಯಾಪಾರಿಯದು ಊಟ ಮುಗಿಸಿ ಒರಗಿದವನದು. ಹೀಗೆ ಕೂತವರನ್ನು ನೋಡುತ್ತಲೇ ನನ್ನ ಬೆಳಗುಗಳು ಕಳೆಯುತ್ತಿದ್ದವು.

ಸುಂಕದ ನಿಯಮ ಸರಳವಾಗಿತ್ತು. ಲಾಭ ಉಳಿದಿದ್ದರೆ ಕಟ್ಟೆಯ ಮೇಲೆ ಕೂಡಬೇಕು, ಉಳಿಯದಿದ್ದರೆ ಬೇಡ. ವ್ಯಾಪಾರಿ ಬೆಳಿಗ್ಗೆ ಬಂದು ಕಟ್ಟೆಯನ್ನು ಮುಟ್ಟಿ ‘ಉಳೀತು’ ಎಂದರೆ ಲಾಭಕ್ಕೆ ತಕ್ಕ ಹಾಗೆ ಬಟ್ಟಲು. ‘ಉಳೀಲಿಲ್ಲ’ ಎಂದರೆ ಹಾಗೆಯೇ ಹೊರಟು ಹೋಗಬಹುದು. ಕಟ್ಟೆ ಮುಟ್ಟಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸೋತವನನ್ನು ಮತ್ತೆ ಕೂರಿಸಿ ಕಾಡದ ಈ ನಿಯಮದಲ್ಲಿ ದಯೆ ಇದೆ ಎಂದು ನಾನು ನಂಬಿದ್ದೆ. ಈಗಲೂ ಸ್ವಲ್ಪ ನಂಬುತ್ತೇನೆ.

ಅರಿವೆ ಅಂಗಡಿಯ ಅಂದಾನೆಪ್ಪನವರು ಎಷ್ಟೋ ವರ್ಷದಿಂದ ಕಟ್ಟೆಯ ಮೇಲೆ ಕೂತಿರಲಿಲ್ಲ. ಊರಲ್ಲೇ ದೊಡ್ಡ ಅಂಗಡಿ ಅವರದು. ಸಾಲು ಸಾಲು ಗುಮಾಸ್ತರು ಸೀರೆ ಬಿಚ್ಚಿ ಹರವಿ ದಿನವಿಡೀ ‘ಕೊಟ್ಟೆ, ಕೊಟ್ಟೆ’ ಎನ್ನುತ್ತಿದ್ದರು. ಆದರೂ ಬೆಳಿಗ್ಗೆ ಕಟ್ಟೆಗೆ ಬೆರಳು ತಾಗಿಸಿ “ಉಳೀಲಿಲ್ರೀ” ಎಂದು ನಗುತ್ತ ಹೋಗಿಬಿಡುತ್ತಿದ್ದರು. ಸುಳ್ಳಲ್ಲ. ಒಂದು ವರ್ಷ ಮೇಲೆ ಮಹಡಿ ಎಬ್ಬಿಸಿದರು, ಇನ್ನೊಂದು ವರ್ಷ ಪಕ್ಕದ ಮನೆ ಕೊಂಡು ಗೋಡೆ ಒಡೆದರು, ಮತ್ತೊಂದು ವರ್ಷ ಅಳಿಯನಿಗೆ ಅಂಗಡಿ ಹಾಕಿಕೊಟ್ಟರು. ಬಂದದ್ದೆಲ್ಲ ಬಂದ ಹಾಗೇ ಹೋಗುತ್ತಿತ್ತು. ಅವರು ಮುಚ್ಚಿಡಲಿಲ್ಲ, ಉಳಿಸಲಿಲ್ಲ ಅಷ್ಟೆ. ಅವರ ಅಂಗಡಿಯ ಮಾತುಗಳು ಮಾತ್ರ ಸೂರು ತುಂಬಿ, ಬೀದಿ ತುಂಬಿ, ಎದುರಿನ ಕನ್ನಡ ಶಾಲೆಯ ಕಿಟಕಿಯೊಳಗೆ ಇಳಿಯತೊಡಗಿದವು.

ಆ ಶಾಲೆಯ ಸುಭದ್ರಾಬಾಯಿ ಅಕ್ಕೋರು ಒಂದು ಬೆಳಿಗ್ಗೆ ನೇರವಾಗಿ ಕಟ್ಟೆಗೇ ಬಂದರು. ಆ ಹೊತ್ತಿಗೆ ಪಂಚರು ಅಲ್ಲಿದ್ದರು, ಬೀದಿಯ ಜನವೂ ಇತ್ತು.

“ನಾ ಮಕ್ಕಳಿಗೆ ಮಗ್ಗಿ ಹೇಳಿಕೊಡ್ತೇನ್ರಿ. ಎರಡೊಂದ್ಲ ಎರಡು ಅಂದ್ರ ಹಿಂದಿನ ಬಾಕಿನ ಮ್ಯಾಲ ಕೂತ ಮಕ್ಕಳು ‘ಕೊಟ್ಟೆ’ ಅಂತಾವು. ಅವಕ್ಕ ಕೇಳಿಸೂದೇ ಅದು. ಅಂದಾನೆಪ್ಪನವರ, ನಿಮ್ಮ ಅಂಗಡಿ ಮಾತು ನನ್ನ ಶಾಲಿಗೆ ಹೆಸರು ಹಚ್ಚಿಲ್ದನ ದಿನಾ ಬರ್ತಾವ ನೋಡ್ರಿ.”

ಜನ ನಕ್ಕರು. ಅಂದಾನೆಪ್ಪನವರೂ ನಕ್ಕರು. “ಏನ್ ಮಾಡ್ಲಿ ಅಕ್ಕೋರ? ಉಳದ್ರ ಕೂಡ್ತಿದ್ದೆ. ಉಳೀಲಿಲ್ಲ.”

“ಉಳದದ್ದು ಗದ್ದಲಾ ಮಾಡ್ತೈತೇನ್ರಿ? ಮಾರಿದ್ದು ಮಾಡ್ತೈತಿ. ನಿಮಗ ಉಳೀಲಿ ಬಿಡ್ಲಿ, ‘ಕೊಟ್ಟೆ’ ಅನ್ನೂದು ಬೀದ್ಯಾಗ ಬೀಳ್ತೈತಲ್ಲ. ಉಳದದ್ದಕ್ಕ ಸುಂಕ ಇರ್ಲಿ. ಮಾರಿದ್ದಕ್ಕೂ ಇರ್ಲಿ.”

ಅಷ್ಟು ದಿನ ಯಾರಿಗೂ ಹೊಳೆಯದ ಮಾತು. ಕಟ್ಟೆಯ ಸುತ್ತ ಸ್ವಲ್ಪ ಹೊತ್ತು ಯಾರೂ ಬಾಯಿ ತೆರೆಯಲಿಲ್ಲ. ಹಂಡೆಯಲ್ಲಿ ಬಟ್ಟಲು ಇರಲಿಲ್ಲ, ಇದ್ದಿದ್ದರೆ ಅದು ಪುಕ್ಕಟೆಯಾಗಿ ಮುಳುಗಿಬಿಡುತ್ತಿತ್ತು.

ಹೊಸ ಸುಂಕಕ್ಕೆ ನಮ್ಮ ಊರಿನಲ್ಲಿ ಒಂದು ಪದ್ಧತಿ ಇದೆ. ಅದು ಯಾರಿಗೆ ಎಲ್ಲರಿಗಿಂತ ಭಾರವೋ ಅವರು ಮೊದಲು ಒಂದು ವಾರ ಒಬ್ಬರೇ ಹೊರಬೇಕು. ಹೊತ್ತವರು ವಾರದ ಕೊನೆಗೆ ‘ಆಗಲಿ’ ಎಂದರೆ ಊರಿಗೆಲ್ಲ ಸುಂಕ. ‘ಬೇಡ’ ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು, ಮತ್ತೆ ಎತ್ತುವಂತಿಲ್ಲ. ಎಲ್ಲರ ಕಣ್ಣೂ ಅಂದಾನೆಪ್ಪನವರ ಮೇಲೆ ಹೋಯಿತು. ಹೆಚ್ಚು ಮಾರುವವರು ಅವರೇ ಅಲ್ಲವೇ?

ಅವರು ವಲ್ಲಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು. “ನನಗ್ಯಾಕ ಭಾರ ಆಕ್ಕೈತ್ರೀ? ನಾ ಎರಡ ತಾಸು ತಡಾ ಮಾಡಿ ಅಂಗಡಿ ತಗದ್ರ ಸೀರಿ ಬಾಡತಾವೇನು? ಖರೇ ಭಾರ ಬೀಳೂದು ಅಲ್ಲಿ ನೋಡ್ರಿ.” ಅವರ ಬೆರಳು ಕಟ್ಟೆಯ ಆಚೆ ಬೇವಿನ ನೆರಳಿನಲ್ಲಿ ಬುಟ್ಟಿ ಇಳಿಸಿ ನಿಂತಿದ್ದ ಹೆಂಗಸಿನ ಕಡೆ ಹೋಯಿತು. “ಫಕೀರವ್ವಗ.”

“ನನ್ನ ಹೆಸರು ಯಾಕ ಬಂತಪ್ಪ ನಡುವ? ನಾ ಬಂದದ್ದು ನೆಳ್ಳಿಗೆ,” ಎಂದಳು ಫಕೀರವ್ವ.

ಅವಳು ಪಲ್ಲೆ ಮಾರುವವಳು. ಮೆಂತ್ಯ, ಸಬ್ಬಸಿಗೆ, ಪುಂಡಿ, ರಾಜಗಿರಿ, ಹೀಗೆ ಎಲ್ಲ ಸೊಪ್ಪಿಗೂ ಇಲ್ಲಿ ಪಲ್ಲೆ ಎಂದೇ ಹೆಸರು. ನಸುಕಿನಲ್ಲಿ ತೋಟದವರಿಂದ ಕೊಂಡು, ಬಿಸಿಲೇರುವ ಮೊದಲು ನೇಕಾರ ಓಣಿ, ಕುಂಬಾರ ಓಣಿ, ಕೆರೆಯಾಚೆಯ ಗುಡಿಸಲು ಎಲ್ಲ ಸುತ್ತಿ ಸಣ್ಣ ಸಣ್ಣ ಕಟ್ಟು ಮಾರುತ್ತಿದ್ದಳು. ಅವಳ ತಾಯಿಯೂ ಅದೇ ಓಣಿಗಳಲ್ಲಿ ಅದೇ ಬುಟ್ಟಿ ಹೊತ್ತವಳು. ಕಟ್ಟಿಗೊಂದು ‘ಕೊಟ್ಟೆ’. ಎಣಿಸಿದರೆ ಅರಿವೆ ಅಂಗಡಿಯ ಗುಮಾಸ್ತರೆಲ್ಲ ಸೇರಿ ಹೇಳಿದ್ದಕ್ಕೆ ಅವಳೊಬ್ಬಳದೇ ಹತ್ತಿರ ಬರುತ್ತಿತ್ತು. ಕೈಗೆ ಬಂದದ್ದು ಮಾತ್ರ ಸಂಜೆಯ ಜೋಳಕ್ಕೇ ಸರಿಹೋಗುತ್ತಿತ್ತು. ಬಾಡಿದ ಕಟ್ಟು ಹೆಚ್ಚಾದ ದಿನ ಅದೂ ಇಲ್ಲ. ಹಾಗಾಗಿ ಅವಳು ಕಟ್ಟೆಯ ಮೇಲೆ ಎಂದೂ ಕೂತವಳಲ್ಲ.

ಅಂದಾನೆಪ್ಪನವರು ಹೇಳಿದ್ದು ನಿಜವಾಗಿತ್ತು. ಆ ನಿಜವನ್ನು ಅವರು ತಮ್ಮ ಬಾಗಿಲಿಗೆ ಅಗುಳಿ ಮಾಡಿಕೊಂಡದ್ದು ಬೇರೆ ವಿಷಯ. ಬೆಳಗಿನ ಹೊತ್ತು ಕಟ್ಟೆಯ ಮೇಲೆ ಕಳೆದರೆ ಪಲ್ಲೆ ಒಣಗುತ್ತದೆ. ಒಂದೇ ದಿನಕ್ಕೆ ಅವಳು ‘ಬೇಡ’ ಎನ್ನುತ್ತಾಳೆ, ಶಾಲೆಯ ಮಾತು ಅಲ್ಲಿಗೆ ತೀರುತ್ತದೆ. ಇದು ಅಕ್ಕೋರಿಗೂ ತಿಳಿಯಿತು. ಅವರ ಮುಖ ಸಣ್ಣದಾಯಿತು.

“ಫಕೀರವ್ವಾ, ನೀ ಈಗ ಬ್ಯಾಡ ಅಂದ್ರೂ ನಾ ಬ್ಯಾಸರಾ ಮಾಡಕೊಳ್ಳೂದಿಲ್ಲವ್ವಾ.”

ಫಕೀರವ್ವ ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡಳು. “ಎತ್ತಿ ನೋಡದನ ಹೆಂಗ ಅನ್ಲಿ ಅಕ್ಕೋರ, ಬ್ಯಾಡಂತ? ಒಂದ ವಾರ ಅಲ್ಲೇನು. ಎತ್ತಿ ನೋಡ್ತೇನಿ.”

ಅವಳು ಅಷ್ಟು ಹಗುರಾಗಿ ಹೇಳಿದಳು. ಅವಳಿಗೆ ಇದರ ಲೆಕ್ಕ ಗೊತ್ತಿಲ್ಲ ಎಂದು ನಾನು ಭಾವಿಸಿದೆ. ಬುಟ್ಟಿ ಎತ್ತಿ ತಿರುಗಿದಾಗ ಅವಳ ಕತ್ತಿನ ನರ ಬಿಗಿದದ್ದು ಕಂಡಿತು. ಗೊತ್ತಿತ್ತು.

ಮಾರಿದ ಪ್ರತಿ ಕಟ್ಟಿಗೆ ಒಂದು ಹುಣಸೆ ಬೀಜವನ್ನು ಮಡಿಲ ಚೀಲಕ್ಕೆ ಹಾಕಿಕೊಳ್ಳಬೇಕೆಂದೂ, ಬೆಳಿಗ್ಗೆ ಅದಕ್ಕೆ ತಕ್ಕಷ್ಟು ಬಟ್ಟಲು ಕೂಡಬೇಕೆಂದೂ ಪಂಚರು ಗೊತ್ತುಮಾಡಿದರು. ಮೊದಲ ದಿನ ಅವಳು ಬುಟ್ಟಿಯ ಜೊತೆಗೇ ಕಟ್ಟೆ ಹತ್ತಿದಳು. ಪಲ್ಲೆಯ ಮೇಲೆ ಹಸಿ ಗೋಣಿತಟ್ಟು ಹೊದಿಸಿದ್ದಳು. ನಾನು ಬಟ್ಟಲು ಬಿಟ್ಟೆ.

“ಕೂತ್ನೆಪಾ,” ಎಂದಳು.

ನಾನು ಬಟ್ಟಲು ಎತ್ತಿ ನೀರು ಚೆಲ್ಲಿದೆ.

“ಅಯ್ಯ, ಇಷ್ಟಕ್ಕೂ ಎತ್ತತೀಯೇನ ತಮ್ಮಾ?”

ಮತ್ತೆ ಚೆಲ್ಲಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮೂರನೆಯ ಸಲ ಬಟ್ಟಲು ಅರ್ಧ ತುಂಬುವಷ್ಟರಲ್ಲಿ ಒಂದು ಮೇಕೆ ಬುಟ್ಟಿಗೆ ಮೂತಿ ಹಾಕಿತು, “ಹಚಾ ನಿನ್ನ!” ಎಂಬುದು ತಾನಾಗಿ ಹೊರಬಿತ್ತು. ನನಗೂ ನಗು ಬಂತು. ಕಟ್ಟೆಯ ಕಾವಲುಗಾರ ನಗಬಾರದೆಂಬ ನಿಯಮವೇನೂ ಇಲ್ಲ. ದಿನವಿಡೀ ಕೂಗಿ ಬದುಕುವವಳಿಗೆ ಸುಮ್ಮನಿರುವುದು ಹೊಸ ಕೆಲಸ. ಆ ದಿನ ಅವಳು ಓಣಿಗೆ ಹೊರಟಾಗ ಬಿಸಿಲು ಚುರುಕಾಗಿತ್ತು. ಸಂಜೆ ಬುಟ್ಟಿಯಲ್ಲಿ ಅರ್ಧದಷ್ಟು ಪಲ್ಲೆ ಹಾಗೆಯೇ ಮರಳಿತು, ಹಳದಿ ತಿರುಗಿ.

ಎರಡನೆಯ ದಿನಕ್ಕೆ ಕಲಿತಳು. ನಾನು ಅಷ್ಟು ವರ್ಷ ಎಷ್ಟೋ ಮೌನಗಳನ್ನು ನೋಡಿದ್ದೆ, ಇಂಥದ್ದನ್ನು ನೋಡಿರಲಿಲ್ಲ. ಲಾಭ ಬಂದವರು ಕೂತಾಗ ಅವರ ಮನಸ್ಸು ಎಲ್ಲೋ ಮಲಗಿರುತ್ತದೆ. ಇವಳ ಮೌನ ಎಚ್ಚರವಾಗಿತ್ತು. ಕೈ ಗೋಣಿತಟ್ಟಿನ ಅಡಿಯಲ್ಲಿ ಹೋಗಿ ಕಟ್ಟುಗಳನ್ನು ಸದ್ದಿಲ್ಲದೆ ಮಗ್ಗುಲು ಬದಲಿಸುತ್ತಿತ್ತು, ಕಾಯಿಲೆಯ ಮಗುವನ್ನು ತಿರುಗಿಸಿ ಮಲಗಿಸುವ ಹಾಗೆ. ಕಣ್ಣು ಬಟ್ಟಲಿನ ಮೇಲಲ್ಲ, ಬಿಸಿಲು ಕಟ್ಟೆಯ ಮೆಟ್ಟಿಲು ಹತ್ತುವುದರ ಮೇಲೆ. ಅವಸರ ಇಷ್ಟಿದ್ದೂ ಅವಳು ಒಮ್ಮೆಯೂ ‘ಬೇಗ ಮುಳುಗಲಿ’ ಎಂಬಂತೆ ಹಂಡೆಯ ಕಡೆ ಬಾಗಲಿಲ್ಲ. ನಾನು ಓದಿದ ಪುಸ್ತಕಗಳಲ್ಲಿ ಮೌನಕ್ಕೆ ದೊಡ್ಡ ದೊಡ್ಡ ಮಾತುಗಳಿದ್ದವು. ಬಾಡುವ ಸೊಪ್ಪಿನ ಪಕ್ಕದಲ್ಲಿ ಕೂತ ಮೌನಕ್ಕೆ ಯಾವ ಮಾತೂ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನೇಕಾರ ಓಣಿಯ ಹೆಂಗಸರು ಗುಂಪಾಗಿ ಬಂದರು. ಮುಂದೆ ತುಂಗವ್ವ, ಹಲ್ಲಿಲ್ಲದ ಬಾಯಿ, ಮಗ್ಗದ ನೂಲು ಇನ್ನೂ ತಲೆಗೂದಲಿಗೆ ಅಂಟಿಕೊಂಡಿತ್ತು. ಫಕೀರವ್ವ ಇನ್ನೂ ಕೂತಿರಲಿಲ್ಲ, ಬೀಜ ಎಣಿಸಿ ನನ್ನ ಮುಂದೆ ಸುರಿಯುತ್ತಿದ್ದಳು.

“ಫಕೀರಿ, ನಮ್ಮ ಮೊಮ್ಮಗಳು ನಿನ್ನೆ ಮಧ್ಯಾಹ್ನ ನಿದ್ದಿ ಮಾಡ್ತು,” ಎಂದಳು ತುಂಗವ್ವ.

“ಮಾಡ್ಲಿ ಬಿಡವ್ವಾ. ಅದಕ್ಕ ನಾ ಏನ ಮಾಡ್ಲಿ?”

“ನೀನ ಮಾಡೀದಿ. ಕಿಟಕ್ಯಾಗಿನ ನಿನ್ನ ಧ್ವನಿ ತುಸು ಇಳದೈತಿ. ಎಷ್ಟ ವರ್ಷದ್ದು ಅದಾವ ನಿನ್ನ ‘ಕೊಟ್ಟೆ’ ಅಲ್ಲಿ, ಗೊತ್ತೇನ ನಿನಗ? ಮಗ್ಗದ ಸಪ್ಪಳ ಬ್ಯಾರೆ, ನಿನ್ನ ಸಪ್ಪಳ ಬ್ಯಾರೆ. ನನ್ನ ಮದುವ್ಯಾದ ಮಗಳು ಬಂದ್ರ ಎರಡ ದಿನಕ್ಕ ತಲಿ ನೋವಂತ ಹೋಗಿಬಿಡ್ತಾಳ.”

ಫಕೀರವ್ವನ ಕೈಯಲ್ಲಿದ್ದ ಚೀಲ ಅಲ್ಲೇ ನಿಂತಿತು. ಉಳಿಯದವಳ ಮಾತು ಹಗುರ, ಅದು ಎಲ್ಲೂ ಕೂಡುವುದಿಲ್ಲ ಎಂದು ಅವಳು ಹೇಗೋ ನಂಬಿಕೊಂಡಿದ್ದಳು. ನಿಜ ಹೇಳಬೇಕೆಂದರೆ ಊರೇ ನಂಬಿತ್ತು. ಅಂದಾನೆಪ್ಪನವರ ಬೀದಿಯ ಗದ್ದಲ ನಮಗೆಲ್ಲ ಕೇಳಿಸಿತ್ತು. ನೇಕಾರ ಓಣಿಗೆ ಕಿವಿ ಕೊಟ್ಟವರಿರಲಿಲ್ಲ.

“ನನಗ ಯಾರೂ ಹೇಳ್ಲಿಲ್ಲಲ್ಲ ತುಂಗವ್ವಾ.”

“ಏನಂತ ಹೇಳೂನು? ಎರಡ ರೊಟ್ಟಿ ಗಳಿಸೂದ ಕಷ್ಟ ಅಕೀಗೆ, ಎಲ್ಲಿ ಕೂಡಸೂದು ಅಂತ ಸುಮ್ಮನಿದ್ವಿ.”

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹಾಗಾದರೆ ಫಕೀರವ್ವನ ಸುಂಕ ಬಾಕಿ ಉಳಿದೇ ಇರಲಿಲ್ಲ. ನೇಕಾರ ಓಣಿ ತನ್ನ ನಿದ್ದೆಯಿಂದ, ತಲೆನೋವಿನಿಂದ, ಯಾರಿಗೂ ಹೇಳದೆ ಅದನ್ನು ಸಲ್ಲಿಸುತ್ತ ಬಂದಿತ್ತು. ಆ ಮೌನಕ್ಕೆ ನಾನು ಯಾವ ಬಟ್ಟಲನ್ನೂ ಬಿಟ್ಟಿರಲಿಲ್ಲ.

“ಈಗ ನಿನ್ನ ಹೆಸರಿನ ಮ್ಯಾಲ ನಾವೂ ಕೂಡ್ತೀವಿ,” ಎಂದು ತುಂಗವ್ವ ಸೀರೆ ಎತ್ತಿ ಕಟ್ಟೆ ಹತ್ತಿದಳು. “ಜಲ್ದಿ ಮುಗೀತೈತಿ, ಪಲ್ಲೆ ಒಣಗೂದಿಲ್ಲ. ಬಾಯಿ ಮುಚ್ಚಕೊಂಡ ಕೂಡೂದು ನಮಗೂ ಬರ್ತೈತಿ. ಸೊಸಿ ಬಂದ ಮ್ಯಾಲ ಅದನ್ನ ಕಲತೀನಿ.”

ಹೆಂಗಸರು ನಗುತ್ತ ಒಬ್ಬರ ಪಕ್ಕ ಒಬ್ಬರು ಕೂತರು. ಒಬ್ಬರ ಸುಂಕಕ್ಕೆ ಇನ್ನೊಬ್ಬರು ಕೂಡಬಹುದೋ ಇಲ್ಲವೋ ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಪಂಚರನ್ನು ಕೇಳಬಹುದಿತ್ತು. ನಾನು ಕೇಳಲಿಲ್ಲ. ಗೂಡಿನಿಂದ ಇನ್ನಷ್ಟು ಬಟ್ಟಲುಗಳನ್ನು ತಂದು ಹಂಡೆಯಲ್ಲಿ ಒಟ್ಟಿಗೇ ತೇಲಿಬಿಟ್ಟೆ. ತಾಮ್ರದ ಬಟ್ಟಲುಗಳು ಮರಿ ಬಾತುಗಳ ಹಾಗೆ ಒಂದಕ್ಕೊಂದು ತಾಗುತ್ತ ಸುತ್ತಿ, ಹೆಚ್ಚು ಕಡಿಮೆ ಒಂದೇ ಸಲ ಮುಳುಗಿದವು. ಆ ದಿನ ಬಿಸಿಲು ಕಟ್ಟೆ ಹತ್ತುವ ಮೊದಲೇ ಫಕೀರವ್ವ ಓಣಿಯಲ್ಲಿದ್ದಳು. ಬುಟ್ಟಿ ಖಾಲಿಯಾಯಿತು. ಸಂಜೆ ನನಗೊಂದು ಸಬ್ಬಸಿಗೆ ಕಟ್ಟು ತಂದು ಕೊಟ್ಟು, “ಇದಕ್ಕ ಬೀಜ ಇಲ್ಲ, ಹಂಗ ಕೊಟ್ಟದ್ದು,” ಎಂದು ಹೋದಳು.

ಮರುದಿನವೂ ಹೆಂಗಸರು ಬಂದರು. ಬಟ್ಟಲುಗಳು ಅರ್ಧಕ್ಕಿಂತ ಹೆಚ್ಚು ತುಂಬಿದ್ದವು. ಆಗ ಅಂದಾನೆಪ್ಪನವರು ಕಟ್ಟೆಯ ಹತ್ತಿರ ಬಂದರು. ಸಾಲಾಗಿ ಕೂತ ಹೆಂಗಸರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಅವರ ಮುಖ ಅರಳಿತು. ನನಗೆ ಹೇಳುವ ನೆಪದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು:

“ಛಲೋ ಆತು ಬಿಡ್ರಿ. ನಾ ಸುಮ್ಮನ ಅಂಜಿದ್ದೆ. ಮಾರಿದ್ದಕ್ಕೂ ಸುಂಕ ಹಾಕ್ರಿ, ಬೇಕಾದಷ್ಟು ಹಾಕ್ರಿ. ಗಿರಾಕಿ ಕೂತ್ರೂ ನಡೀತೈತಿ ಅಂದ ಮ್ಯಾಲ ನಮಗೇನು? ಒಂದ ಸೀರಿ ತಗೊಂಡ್ರ ಕುಪ್ಪಸದ ಖಣ ಪುಕ್ಕಟ, ಕಟ್ಟಿ ಮ್ಯಾಲ ಒಂದ ಬಟ್ಟಲ ಕೂತ ಹೋಗವ್ವಾ ಅಂತೀನಿ. ಬಡವರ ಹೆಣ್ಮಕ್ಕಳು ಬೇಕಾದಷ್ಟ ಮಂದಿ ಬರ್ತಾರ.”

ಬಟ್ಟಲುಗಳ ಅಂಚು ನೀರಿಗೆ ಇನ್ನೇನು ತಾಗಬೇಕು. ಇನ್ನೊಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಆ ದಿನದ ಸುಂಕ ಮುಗಿಯುತ್ತಿತ್ತು. ಫಕೀರವ್ವ ಅಂದಾನೆಪ್ಪನವರನ್ನು ನೋಡಿದಳು, ಆಮೇಲೆ ಬುಟ್ಟಿಯನ್ನು ನೋಡಿದಳು. ಆ ದಿನ ಅವಳು ಕೊಂಡದ್ದು ರಾಜಗಿರಿ, ಎಲ್ಲಕ್ಕಿಂತ ಬೇಗ ಬಾಡುವಂಥದ್ದು.

“ತುಂಗವ್ವಾ, ಏಳು,” ಎಂದಳು. “ಎಲ್ಲಾರೂ ಏಳ್ರಿ.”

ನಾನು ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ನೀರು ಚೆಲ್ಲಿದೆ. ಆ ಸದ್ದು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

“ಏನಾತ ನಿನಗ?” ತುಂಗವ್ವನಿಗೆ ಸಿಟ್ಟು ಬಂದಿತ್ತು. “ನಾವು ಪ್ರೀತಿಲೆ ಕೂತೀವಿ. ಅವರು ಖಣಾ ಕೊಟ್ಟು ಕೂಡಸ್ತಾರ. ಎರಡೂ ಒಂದ ಏನು?”

“ಬಟ್ಟಲಕ್ಕ ಹೆಂಗ ತಿಳೀತೈತವ್ವಾ ಅದು?” ಎಂದಳು ಫಕೀರವ್ವ. “ಇಷ್ಟ ವರ್ಷ ಸುಮ್ಮನ ನನ್ನ ಗದ್ದಲಾ ತಡಕೊಂಡ್ರಿ. ಈಗ ನನ್ನ ಸುಂಕಾನೂ ನೀವ ಕೊಡ್ತೀರಿ. ನಾಳೆ ಸಾಹುಕಾರ್ರದೂ ನೀವ ಕೊಡ್ತೀರಿ. ಬ್ಯಾಡ. ಮಾರಿದಾಕಿ ನಾನು, ಕೂಡಾಕಿ ನಾನು.” ನನ್ನ ಕಡೆ ತಿರುಗಿ, “ಬಿಡ ತಮ್ಮಾ, ಬಟ್ಟಲಾ ಮೊದಲಿಂದ ಬಿಡು,” ಎಂದಳು.

ಅಂದಾನೆಪ್ಪನವರು ವಲ್ಲಿ ಕೊಡವಿಕೊಂಡು ಹೋದರು. ಹೆಂಗಸರೂ ಇಳಿದು ಹೋದರು, ತುಂಗವ್ವ ತಿರುಗಿಯೂ ನೋಡಲಿಲ್ಲ. ಫಕೀರವ್ವ ಒಬ್ಬಳೇ ಎಲ್ಲ ಬಟ್ಟಲುಗಳಿಗೂ ಕೂತಳು. ಅವಳು ಏಳುವ ಹೊತ್ತಿಗೆ ರಾಜಗಿರಿ ಗೋಣಿತಟ್ಟಿನ ಅಡಿಯಲ್ಲೇ ತಲೆ ಚೆಲ್ಲಿತ್ತು. ಬುಟ್ಟಿಯನ್ನು ಆ ಮೊದಲ ದಿನದ ಮೇಕೆಯ ಮುಂದೆ ಬೋರಲು ಹಾಕಿದಳು. “ತಿನ್ನು. ಭಾಳ ದಿನದಿಂದ ಕಾಯಾಕತ್ತೀದಿ,” ಎಂದಳು ಅದಕ್ಕೆ.

ಆ ದಿನ ಒಂದು ಕಟ್ಟೂ ಮಾರಲಿಲ್ಲ. ಹಾಗಾಗಿ ಮರುದಿನ ಅವಳಿಗೆ ಸುಂಕವೂ ಇರಲಿಲ್ಲ. ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ಬುಟ್ಟಿಯೂ ಇರಲಿಲ್ಲ. ಆದರೂ ಬೆಳಕು ಹರಿಯುತ್ತಿದ್ದಂತೆ ಬಂದು ಕಟ್ಟೆ ಹತ್ತಿದಳು.

“ಇವತ್ತು ಬೀಜ ಇಲ್ಲವಲ್ಲ, ಯಾಕೆ ಬಂದಿರಿ?” ಎಂದೆ.

“ಹಳೇದ ಐತಲ್ಲ,” ಎಂದಳು. ಬಟ್ಟಲನ್ನು ಬಿಡೆಂದು ಕಣ್ಣಲ್ಲೇ ಹೇಳಿದಳು.

ಆ ಬೆಳಿಗ್ಗೆ ಅವಳ ಪಕ್ಕದಲ್ಲಿ ಬಾಡುವಂಥದ್ದು ಏನೂ ಇರಲಿಲ್ಲ. ಕೈಗೆ ಮಗ್ಗುಲು ಬದಲಿಸಲು ಕಟ್ಟುಗಳಿರಲಿಲ್ಲ, ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಬಟ್ಟಲು ಮುಳುಗಿದರೂ ಏಳಲಿಲ್ಲ. ನಾನು ಮತ್ತೆ ಬಿಟ್ಟೆ, ಮತ್ತೆ ಬಿಟ್ಟೆ. ಎಣಿಸುವುದನ್ನು ಎಲ್ಲೋ ಮರೆತೆ. ನನ್ನ ಕೆಲಸದಲ್ಲಿ ಅದು ದೊಡ್ಡ ತಪ್ಪು. ಮಧ್ಯಾಹ್ನದ ಹೊತ್ತಿಗೆ ತುಂಗವ್ವ ಬಂದು ಒಂದು ರೊಟ್ಟಿ, ಮೇಲೆ ಪುಂಡಿಪಲ್ಲೆ, ಕಟ್ಟೆಯ ಅಂಚಿನ ಮೇಲಿಟ್ಟು ಏನೂ ಮಾತಾಡದೆ ಹೋದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲವೆಂದು ಕಾಣುತ್ತದೆ, ಹೆಜ್ಜೆಯಲ್ಲಿ ಗೊತ್ತಾಗುತ್ತಿತ್ತು.

ವಾರ ಮುಗಿದ ದಿನ ಜನ ಸೇರಿದರು. ಅಕ್ಕೋರು ಶಾಲೆಗೆ ರಜೆ ಕೊಟ್ಟು ಬಂದಿದ್ದರು. ಪಂಚರಲ್ಲಿ ಹಿರಿಯರು ಕೇಳಿದರು: “ಹೇಳವ್ವಾ ಫಕೀರವ್ವಾ. ಆಗಲೋ, ಬ್ಯಾಡೋ?”

ಅವಳು ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು. ಓಣಿಯಲ್ಲಿ ಅಷ್ಟು ಜೋರಾಗಿ ಕೂಗುವವಳಿಗೆ ಇಲ್ಲಿ ಧ್ವನಿ ಸಣ್ಣದಾಗಿತ್ತು.

“ಭಾರ ಐತ್ರೀ. ಸಾಹುಕಾರ್ರು ಹೇಳಿದ್ದು ಖರೇ. ಈ ವಾರ ನಾ ಉಂಡದ್ದಕ್ಕಿಂತ ಮೇಕಿ ಉಂಡದ್ದ ಹೆಚ್ಚು.” ಜನ ನಗುವ ತನಕ ನಿಂತಳು. “ಆದ್ರ ನನಗ ಉಳದಿಲ್ಲಂದ್ರ ನನ್ನ ಮಾತ ಎಲ್ಲೂ ಬಿದ್ದಿಲ್ಲ ಅಂದಂಗಲ್ಲ. ಬಿದ್ದಾವು. ತುಂಗವ್ವನ ಕಿಟಕ್ಯಾಗ ಬಿದ್ದಾವು. ನನಗ ಗೊತ್ತಿದ್ದಿಲ್ಲ. ಈಗ ಗೊತ್ತಾದ ಮ್ಯಾಲ ಬ್ಯಾಡ ಅಂತ ಹೆಂಗ ಅನ್ಲಿ? ಆಗಲಿ.”

ಅಂದಾನೆಪ್ಪನವರು ನೆಲ ನೋಡುತ್ತಿದ್ದರು.

“ಇನ್ನೊಂದ ಮಾತು. ಮಾರಿದ್ದಕ್ಕ ಸಣ್ಣ ಬಟ್ಟಲಾ ಮಾಡಸ್ರಿ. ಉಳದದ್ದಕ್ಕ ಈಗಿಂದ ದೊಡ್ಡದ ಇರ್ಲಿ. ಯಾರೂ ಪೂರಾ ತಪ್ಪಸಕೊಳ್ಳೂದು ಬ್ಯಾಡ, ಯಾರೂ ಪೂರಾ ಮುಳಗೂದೂ ಬ್ಯಾಡ. ಮತ್ತ ಮಾರಿದವರ ಕೂಡಬೇಕು, ಬ್ಯಾರೆಯವರು ಅಲ್ಲ. ಪಲ್ಲೆ ತುಸು ತುಟ್ಟಿ ಆಕ್ಕೈತಿ, ಈಗ ಹೇಳಿರ್ತೀನಿ. ಆಮ್ಯಾಲ ಓಣ್ಯಾಗ ನಿಂತು ಬೈಬ್ಯಾಡ್ರಿ.”

“ಬೈತೀವಿ,” ಎಂದಳು ತುಂಗವ್ವ ಹಿಂದಿನಿಂದ. “ಬೈದು ತಗೋತೀವಿ.”

ಹಾಗೆ ಸಣ್ಣ ಬಟ್ಟಲು ಬಂತು. ಎಲ್ಲ ಸರಿಯಾಯಿತೆಂದು ನಾನು ಹೇಳಲಾರೆ. ಬೆಳಗಿನ ಒಂದು ಪಾಲು ಕಟ್ಟೆಗೆ ಹೋಗುವುದರಿಂದ ಫಕೀರವ್ವ ಕೆರೆಯಾಚೆಯ ಗುಡಿಸಲುಗಳಿಗೆ ಹೋಗುವುದನ್ನು ಬಿಡಬೇಕಾಯಿತು. ಆ ಜನ ಈಗ ಪಲ್ಲೆಗಾಗಿ ಊರೊಳಗೆ ನಡೆದು ಬರುತ್ತಾರೆ. ಕಟ್ಟೆಯ ಮುಂದೆ ಹಾದುಹೋಗುವಾಗ ನನ್ನನ್ನು ನೋಡುವ ಅವರ ನೋಟದಲ್ಲಿ ಮೆಚ್ಚುಗೆ ಇರುವುದಿಲ್ಲ. ಅಂದಾನೆಪ್ಪನವರ ಗುಮಾಸ್ತರು ಸರದಿಯಲ್ಲಿ ಬಂದು ತಾವು ಹೇಳಿದ ‘ಕೊಟ್ಟೆ’ಗಳಿಗೆ ತಾವೇ ಕೂಡುತ್ತಾರೆ. ಹಣದ ಗಲ್ಲೆಯ ಮೇಲೆ ಕೂತು ತಾವು ಹೇಳಿದ್ದಕ್ಕೆ ಅಂದಾನೆಪ್ಪನವರೂ ಬರಬೇಕಾಯಿತು. ಮೊದಮೊದಲು ಅವರಿಗೆ ಗಂಟಲು ಕೆರೆಯುತ್ತಿತ್ತು, ಲೆಕ್ಕ ನೆನಪಾಗುತ್ತಿತ್ತು, ದಾರಿಯಲ್ಲಿ ಹೋಗುವವರನ್ನು “ಏನ್ರಿ ಆರಾಮ?” ಎನ್ನದೆ ಇರಲಾಗುತ್ತಿರಲಿಲ್ಲ. ನಾನು ನೀರು ಚೆಲ್ಲಿ ಚೆಲ್ಲಿ ಕಟ್ಟೆಯ ಪಕ್ಕದ ಬೇವು ಚಿಗುರಿತು. ಆಮೇಲೆ ಒಂದು ದಿನ ಬಟ್ಟಲು ಮುಳುಗಿ ತಳ ಸೇರಿದ್ದು ಅವರಿಗೆ ತಿಳಿಯಲೇ ಇಲ್ಲ, ಇನ್ನೂ ಕೂತೇ ಇದ್ದರು. ನಾನೂ ಹೇಳಲಿಲ್ಲ. ಅಕ್ಕೋರ ಶಾಲೆಯಿಂದ ಮಗ್ಗಿ ಕೇಳಿಬರುತ್ತಿತ್ತು, ಹಿಂದಿನ ಬಾಕಿನವರೆಗೂ ಸರಿಯಾಗಿ.

ಫಕೀರವ್ವ ದಿನದ ಸುಂಕ ಮುಗಿಸಿದ ಮೇಲೆ ಹಳೆಯದಕ್ಕೆಂದು ದಿನಾ ಇನ್ನೊಂದಿಷ್ಟು ಹೊತ್ತು ಕೂತು ಹೋಗುತ್ತಿದ್ದಳು. ಯಾರೂ ಕೇಳಿರಲಿಲ್ಲ. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ಒಂದು ಮಧ್ಯಾಹ್ನ ತುಂಗವ್ವ ಕಟ್ಟೆಗೆ ಬಂದು ನನ್ನನ್ನೂ, ಬುಟ್ಟಿ ಇಳಿಸಿ ಬೇವಿನ ನೆರಳಿಗೆ ನಿಂತಿದ್ದ ಫಕೀರವ್ವನನ್ನೂ ಕರೆದಳು. “ಓಣಿಗೆ ಬರ್ರಿ. ಏನೋ ಐತಿ,” ಎಂದಳಷ್ಟೆ.

ಮಗ್ಗಗಳು ಊಟದ ಹೊತ್ತಿಗೆ ನಿಂತಿದ್ದವು. ನೇಕಾರ ಓಣಿ ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ. ಫಕೀರವ್ವನ ಎಲ್ಲ ವರ್ಷಗಳ ಮಾತುಗಳೂ ಅಲ್ಲಿಂದ ಕರಗಿ ಹೋಗಿದ್ದವು, ಆ ದಿನ ಅವಳು ಆ ಓಣಿಗೆ ಇನ್ನೂ ಬಂದಿರಲಿಲ್ಲ. ತುಂಗವ್ವ ತನ್ನ ಕಿಟಕಿಯ ಹತ್ತಿರ ನಿಂತು ಬೆರಳು ತುಟಿಗಿಟ್ಟಳು. ಆ ಮೌನದ ತಳದಿಂದ, ಸರಳಿನ ಬುಡದಿಂದ, ಒಂದು ಧ್ವನಿ ಬಂತು. ತುಸು ಒಡಕು, ತುಸು ಎಳೆತ, ಕೊನೆಯಲ್ಲಿ ನಗುವಿನ ಅಂಚು: ‘ಕೊಟ್ಟೆ.’

ಫಕೀರವ್ವ ಸರಳು ಹಿಡಿದುಕೊಂಡಳು. “ನಮ್ಮವ್ವ,” ಎಂದಳು.

ಅವಳ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆಕೆಗೂ ಎಂದೂ ಉಳಿದಿರಲಿಲ್ಲ, ಆಕೆಯೂ ಎಂದೂ ಕೂತಿರಲಿಲ್ಲ. ಆ ಮಾತುಗಳ ಮೇಲೆ ಮಗಳ ಮಾತುಗಳು ಬಿದ್ದು ಅವು ಅಡಿಯಲ್ಲಿ ಹೂತು ಹೋಗಿದ್ದವು.

ತುಂಗವ್ವ ಮೆಲ್ಲಗೆ ಕೇಳಿದಳು, “ಅದಕ್ಕೂ ಕೂಡ್ತೀಯೇನ ಫಕೀರಿ?”

ಫಕೀರವ್ವ ನನ್ನ ಕಡೆ ನೋಡಿದಳು, ನಿಯಮ ಏನನ್ನುತ್ತದೆ ಎಂಬಂತೆ. ನಿಯಮ ಅವಳದೇ ಆಗಿತ್ತು.

“ಮಾರಿದವರ ಕೂಡಬೇಕಂತ ನಾನ ಹೇಳೀನಲ್ಲವ್ವಾ,” ಎಂದಳು. “ನನಗ ಅದರ ಮ್ಯಾಲ ಕೂಡಾಕ ಬರೂದಿಲ್ಲ.”

“ಹಂಗಾರ ಇರ್ಲಿ ಬಿಡು,” ಎಂದಳು ತುಂಗವ್ವ. “ಒಬ್ಬಾಕಿ ಧ್ವನಿ. ಕೂಸೇನ ಏಳೂದಿಲ್ಲ ಅದಕ್ಕ.”

ಮೌನವನ್ನು ಮೆಚ್ಚಿಯೇ ನಾನು ಈ ಊರಿನಲ್ಲಿ ನಿಂತವನು. ಅದು ಪೂರ್ತಿಯಾಗದಿರಲಿ ಎಂದು ನನಗೆ ಅನಿಸಿದ್ದು ಆ ಹೊತ್ತು ಮಾತ್ರ. ಫಕೀರವ್ವ ಬುಟ್ಟಿ ಇಳಿಸಿ ಕಿಟಕಿಯ ಕೆಳಗೆ ಕೂತಳು, ಸುಂಕಕ್ಕಲ್ಲ. ಮಗ್ಗಗಳು ಶುರುವಾಗುವ ತನಕ ಯಾರೂ ಮಾತಾಡಲಿಲ್ಲ.